ಬೋರ್ ಮಾಡಿಸಿದ ಮೇಲೆ ಸ್ಪ್ಲೆಂಡರ್ ಮಿಸ್ ಹೊಡೆಯುತ್ತಿದೆ, ಪ್ಲಗ್ ಬದಲಿಸಿದರೂ ಸರಿಹೋಗಿಲ್ಲ. ಏನಿರಬಹುದು?

ಬೋರ್ ಮಾಡಿಸಿದ ಮರುದಿನದಿಂದಲೇ ಶುರುವಾಯಿತು ಎಂದು ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಬೋರ್ ಅಂದರೆ ಸಿಲಿಂಡರಿನ ಒಳಮೈ ಕೊರೆಸುವುದು, ಅದಕ್ಕೆ ಸಿಲಿಂಡರ್ ಮುಚ್ಚುವ ಹೆಡ್ ಬಿಚ್ಚಲೇಬೇಕು. ಹೊಸ ಪ್ಲಗ್ ಹಾಕಿದ್ದೀರಿ, ಕಾರ್ಬುರೇಟರ್ ತೊಳೆಸಿದ್ದೀರಿ. ಆದರೂ ಏರಿನಲ್ಲಿ ಎಳೆಯುವುದಿಲ್ಲ, ಆಗಾಗ ಕಾರ್ಬುರೇಟರ್ ಕಡೆಯಿಂದ ‘ಪಟ್’ ಅನ್ನುತ್ತದೆ. ಇನ್ನು ಕಿಡಿ ಕೊಡುವ ಸಿಡಿಐ, ಕಾಯಿಲ್ ಅಂತ ಕೊಳ್ಳಲು ಹೋಗಬೇಡಿ. ನಾನು ಹೋಗಿದ್ದೆ. ನನ್ನ ಹಳೇ ಸ್ಪ್ಲೆಂಡರ್‌ನ ಹೆಡ್ ನಾನೇ ಬಿಚ್ಚಿ ಕೂರಿಸಿದ್ದೆ. ಎರಡಕ್ಕೂ ದುಡ್ಡು ಸುರಿದ ಮೇಲೆ ಗೊತ್ತಾಯಿತು, ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಒಂದು ಹಲ್ಲು ಆಚೆ ಕೂತಿತ್ತು.

ಮೊದಲು ಪ್ಲಗ್ ಬಿಚ್ಚಿ ತುದಿ ನೋಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿಕೊಂಡಿದ್ದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಹೆಡ್ ಬಿಚ್ಚುವಾಗ ಕಾರ್ಬುರೇಟರ್ ಕೂಡ ಕಳಚಿರುತ್ತಾರೆ, ನಡುವಿನ ಪ್ಯಾಕಿಂಗ್ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಿ. ಆ ‘ಪಟ್’ ಸದ್ದು ಅದರಿಂದಲೂ ಬರಬಹುದು.

ಅದು ಸರಿಯಿದ್ದರೆ ಟೈಮಿಂಗ್. ಎಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ ಹೊರಗೇ ಇರಲಿ, ತಿರುಗಿಸಲು ಹಗುರ. ಹೆಡ್‌ನ ಎಡಪಕ್ಕದ ದುಂಡು ಮುಚ್ಚಳ ಮತ್ತು ಮ್ಯಾಗ್ನೆಟ್ ಕವರ್‌ನ ಎರಡು ಕ್ಯಾಪ್ ತೆಗೆಯಿರಿ. ಎಡಗಡೆಯಿಂದ ನೋಡುತ್ತಾ ಮ್ಯಾಗ್ನೆಟ್ಟನ್ನು (ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ತುದಿಯ ಚಕ್ರ) ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ, ‘ಟಿ’ ಗುರುತನ್ನು ಕಚ್ಚಿಗೆ ಸರಿಯಾಗಿ ನಿಲ್ಲಿಸಿ. ಪಕ್ಕದ ‘ಎಫ್’ ಅಲ್ಲ, ಅದು ಕಿಡಿಯ ಗುರುತು. ‘ಟಿ’ ದಾಟಿ ಹೋದರೆ ಹಿಂದಕ್ಕೆ ತಿರುಗಿಸಬೇಡಿ. ಚೈನ್ ಸಡಿಲವಾಗಿ ಗುರುತು ಸುಳ್ಳು ಹೇಳುತ್ತದೆ. ಮತ್ತೆ ಸುತ್ತಿಸಿಕೊಂಡೇ ಬನ್ನಿ.

ಈಗ ಚೈನ್ ಕೂತ ಮೇಲಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್‌ನ ‘ಓ’ ಗುರುತು ಹೆಡ್‌ನ ಕಚ್ಚಿಗೆ ನೇರವಾಗಿರಬೇಕು. ನೇರ ಎದುರು ಬದಿಯಲ್ಲಿದ್ದರೆ ಗಾಬರಿ ಬೇಡ. ಕ್ರ್ಯಾಂಕ್ ಎರಡು ಸುತ್ತು ಬಂದರೆ ವಾಲ್ವ್ ತೆರೆಸುವ ಕ್ಯಾಮ್ ಬರುವುದು ಒಂದೇ ಸುತ್ತು. ಇನ್ನೊಂದು ಸುತ್ತು ತಿರುಗಿಸಿ ನೋಡಿ. ಆಗಲೂ ಸ್ವಲ್ಪ ಆಚೀಚೆ ನಿಂತರೆ ಕಳ್ಳ ಸಿಕ್ಕಿದ ಹಾಗೆ. ಒಂದು ಹಲ್ಲು ತಾನೇ ಅನ್ನಬೇಡಿ. 28 ಹಲ್ಲಿನ ಸ್ಪ್ರಾಕೆಟ್ ಎಂದುಕೊಂಡರೆ, ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 26 ಡಿಗ್ರಿ ತಪ್ಪುತ್ತದೆ. ಇನ್‌ಲೆಟ್ ವಾಲ್ವ್ ಅಷ್ಟು ತಡವಾಗಿ ಮುಚ್ಚಿದರೆ, ಮೇಲೇರುವ ಪಿಸ್ಟನ್ ಒಳಗೆ ಬಂದ ಪೆಟ್ರೋಲ್-ಗಾಳಿಯನ್ನು ವಾಪಸ್ ಕಾರ್ಬುರೇಟರಿಗೇ ದೂಡುತ್ತದೆ. ಪಿಕಪ್ ಎಲ್ಲಿಂದ ಬರಬೇಕು? (ನಮ್ಮಪ್ಪನ ಯೆಜ್ಡಿಗೆ ಈ ತಾಪತ್ರಯವೇ ಇರಲಿಲ್ಲ. ಮೈಸೂರಿನಲ್ಲಿ ತಯಾರಾದ ಟೂ-ಸ್ಟ್ರೋಕ್, ಅದಕ್ಕೆ ವಾಲ್ವೇ ಇಲ್ಲ!)

ಸರಿಮಾಡಲು ಸ್ಪ್ರಾಕೆಟ್ ಬಿಚ್ಚುವಾಗ ಚೈನಿಗೆ ಒಂದು ತಂತಿ ಕಟ್ಟಿಕೊಳ್ಳಿ. ಒಳಗೆ ಬಿದ್ದರೆ ಅರ್ಧ ದಿನ ಹೋಯಿತು. ಕೂರಿಸಿದ ಮೇಲೆ ಕಿಕ್ ಹೊಡೆಯುವ ಮುಂಚೆ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಜೋರು ಮಾಡಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು.

ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು, ಕೊನೆಗೆ. ಎರಡೂ ಗುರುತು ಕೂಡಿ ನಿಂತಾಗ ಎರಡು ರಾಕರ್‌ನಲ್ಲೂ ಚೂರು ಆಟ ಇರಬೇಕು. ಎಷ್ಟು ಅಂತ ನಿಮ್ಮ ಮಾದರಿಯ ಮ್ಯಾನುಯಲ್ ನೋಡಿ, ಸ್ಪ್ಲೆಂಡರಿಗೆ 0.1 ಮಿ.ಮೀ.ಗಿಂತ ಕಮ್ಮಿಯೇ. ಅಂದಾಜಿನಲ್ಲಿ ಬೇಡ, ಸಂದು ಅಳೆಯುವ ಫೀಲರ್ ಗೇಜ್ ಹಾಕಿ. ಸದ್ದು ಬರಬಾರದೆಂದು ತೀರಾ ಬಿಗಿ ಮಾಡಿದರೆ, ಬೆಳಿಗ್ಗೆ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚದೆ ಮತ್ತೆ ಮಿಸ್ ಹೊಡೆಯುತ್ತದೆ.

‘ಓ’ ಎಲ್ಲಿ ನಿಂತಿತ್ತು ಅಂತ ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದು ಹಾಕಿ, ನೋಡಿ ಹೇಳುತ್ತೇನೆ.