ಹೊಸಬನನ್ನು ಸಾಲಿನ ಕೊನೆಗೆ ಹಾಕಬೇಡಿ

ಪ್ರಶ್ನೆ: ನಾವು ಆರು ಜನ ಮುಂದಿನ ತಿಂಗಳು ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಬೈಕಿನಲ್ಲಿ ಹೊರಟಿದ್ದೇವೆ. ಐದು ಜನಕ್ಕೆ ಘಾಟಿ ರಸ್ತೆ ಹೊಸದಲ್ಲ. ಆರನೆಯವನು ನನ್ನ ಚಿಕ್ಕಪ್ಪನ ಮಗ, 23 ವರ್ಷ. ಇಷ್ಟು ದಿನ ಊರೊಳಗೆ ಸ್ಕೂಟರ್ ಓಡಿಸುತ್ತಿದ್ದ, ಈಗ ಕ್ಲಾಸಿಕ್ 350 ತೆಗೆದುಕೊಂಡು ಎರಡು ತಿಂಗಳಾಯಿತು. "ಅವನು ಎಲ್ಲರ ಹಿಂದೆ ನಿಧಾನಕ್ಕೆ ಬರಲಿ ಬಿಡು" ಅಂತಾರೆ ಗೆಳೆಯರು. ಚಿಕ್ಕಮ್ಮನಿಗೆ ಭಯ. ಏನು ಮಾಡಲಿ? (ಬೆಂಗಳೂರಿನ ಓದುಗರು)

ಉತ್ತರ: ಅವನನ್ನು ಕೊನೆಗೆ ಹಾಕಬೇಡಿ. ಎರಡನೆಯವನಾಗಿ ಬರಲಿ, ಸಾಲು ನಡೆಸುವವರ ಬೆನ್ನ ಹಿಂದೆಯೇ. ಉಳಿದ ಯಾವ ಮಾತು ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ಕೊನೆಯವನು ನಿಧಾನಕ್ಕೆ ಬರುತ್ತಾನೆ ಅನ್ನುವುದು ಟೀ ಅಂಗಡಿಯಲ್ಲಿ ಕೂತಾಗ ಸರಿ ಅನ್ನಿಸುತ್ತದೆ. ರಸ್ತೆಯಲ್ಲಿ ಆಗುವುದೇ ಬೇರೆ. ಮುಂದಿನವರು ಒಂದು ಲಾರಿ ದಾಟುತ್ತಾರೆ, ಎರಡನೆಯವರು ದಾಟುವಷ್ಟರಲ್ಲಿ ಎದುರಿನಿಂದ ಬಸ್ಸು ಬರುತ್ತದೆ, ಮೂರನೆಯವರಿಗೆ ಇನ್ನಷ್ಟು ತಡವಾಗುತ್ತದೆ, ಹೀಗೆ ಸಾಲು ರಬ್ಬರ್ ಬ್ಯಾಂಡಿನ ಹಾಗೆ ಎಳೆದುಕೊಳ್ಳುತ್ತಾ ಹೋಗುತ್ತದೆ. ಮುಂದಿನವರು ಆರಾಮಾಗಿ 60ರಲ್ಲಿದ್ದರೂ ಅವರನ್ನು ಹಿಡಿಯಲು ಕೊನೆಯವನು 80, 90 ಓಡಿಸಬೇಕಾಗುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಅನುಭವ ಇರುವವನೇ ಎಲ್ಲರಿಗಿಂತ ಜೋರಾಗಿ ಓಡಿಸುತ್ತಾನೆ. ವೇಗ 40ರಿಂದ 80ಕ್ಕೆ ಏರಿದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಜಾಗ ಬೇಕು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಚಾರ್ಮಾಡಿ ಘಾಟಿ ಇಳಿದೆವು, ಹೊಸ ಹುಡುಗ ಕೊನೆಯಲ್ಲಿದ್ದ. ಕೆಳಗೆ ಬಂದು ಕಾದರೆ ಅವನಿಲ್ಲ. ವಾಪಸ್ ಹತ್ತಿ ಹೋದೆ. ಒಂದು ತಿರುವಿನಲ್ಲಿ ಗಾಡಿ ಚರಂಡಿಗೆ ಇಳಿದಿತ್ತು, ಎಡಗಡೆ ಕನ್ನಡಿ ಚೂರಾಗಿತ್ತು. ಅವನು ಕಲ್ಲಿನ ಮೇಲೆ ಕೂತು ಅಂಗೈಯಿಂದ ಜಲ್ಲಿ ಚೂರು ಕೀಳುತ್ತಿದ್ದ. ಕೈಗೆ ಗ್ಲೌಸ್ ಇರಲಿಲ್ಲ. "ಅಣ್ಣಾ, ನೀವ್ಯಾರೂ ಕಾಣಿಸ್ಲಿಲ್ಲ, ಅದಕ್ಕೇ ಸ್ವಲ್ಪ ಜೋರಾಗಿ ಬಂದೆ" ಅಂದ. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ತಪ್ಪು ಅವನದಲ್ಲ, ಅವನನ್ನು ಅಲ್ಲಿಟ್ಟ ನನ್ನದು.

ಹಾಗಾದರೆ ಕೊನೆಯಲ್ಲಿ ಯಾರು ಬರಬೇಕು? ನಿಮ್ಮಲ್ಲಿ ಜಾಸ್ತಿ ಅನುಭವ ಇರುವವರೊಬ್ಬರು. ಪಂಚರ್ ಕಿಟ್, ಪ್ರಥಮ ಚಿಕಿತ್ಸೆಯ ಡಬ್ಬಿ ಅವರ ಬಳಿ ಇರಲಿ. ಮುಂದೆ ಹೋಗುವವರು ಜೋರಾಗಿ ಓಡಿಸುವವರಾಗಬೇಕಿಲ್ಲ, ಆಗಾಗ ಕನ್ನಡಿ ನೋಡುವ ಅಭ್ಯಾಸ ಇರುವವರಾಗಬೇಕು. ಹಿಂದೆ ನಿಮ್ಮ ತಮ್ಮ ಕಾಣಿಸದಿದ್ದರೆ ವೇಗ ಇಳಿಸಬೇಕು, ಅಷ್ಟೇ. ಹಾಸನದಲ್ಲಿ ಬೇಲೂರಿಗೆ ತಿರುಗುವಂಥ ಕಡೆ ಕೊನೆಯವರು ಬರುವ ತನಕ ಒಬ್ಬರು ಸುರಕ್ಷಿತ ಜಾಗದಲ್ಲಿ ನಿಂತು ಕಾಯಲಿ.

ಇನ್ನು ಸ್ಕೂಟರಿನ ವಿಷಯ. ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಸ್ಕೂಟರಿನಲ್ಲಿ ಎಡಗೈಯಲ್ಲಿ ಇರುವುದು ಬ್ರೇಕ್. ಬೈಕಿನಲ್ಲಿ ಅದೇ ಜಾಗದಲ್ಲಿ ಇರುವುದು ಕ್ಲಚ್. ವರ್ಷಗಟ್ಟಲೆ ಸ್ಕೂಟರ್ ಓಡಿಸಿದ ಕೈ ಗಾಬರಿಯಾದಾಗ ಯೋಚನೆ ಮಾಡುವುದಿಲ್ಲ, ಎಡಗಡೆಯದನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಇಳಿಜಾರಿನಲ್ಲಿ ಹಾಗೆ ಕ್ಲಚ್ ಹಿಡಿದರೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಇನ್ನೂ ಜೋರಾಗಿ ಉರುಳುತ್ತದೆ. 195 ಕೆಜಿ ಗಾಡಿ ಅದು, ಸ್ಕೂಟರಿನ ಹೆಚ್ಚುಕಡಿಮೆ ಎರಡರಷ್ಟು. ಹೊರಡುವ ಮೊದಲು ಎರಡು ಮೂರು ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ. 30ರಲ್ಲಿ ಬಂದು ಬಲಗೈ, ಬಲಗಾಲು ಎರಡರಲ್ಲೂ ಬ್ರೇಕ್ ಹಿಡಿದು ನಿಲ್ಲಿಸಲಿ, ಆಮೇಲೆ 40, ಆಮೇಲೆ 50. ನೀವು ದಿಢೀರನೆ "ನಿಲ್ಸು" ಅಂದಾಗ ಎಡಗೈ ಮೊದಲು ಓಡದಿದ್ದರೆ ಆಗ ಹೊರಡಬಹುದು. ಓಡುತ್ತಿದ್ದರೆ ಟ್ರಿಪ್ ಮುಂದೂಡಿ, ಚಿಕ್ಕಮಗಳೂರು ಅಲ್ಲೇ ಇರುತ್ತದೆ.

ಅವನ ಲೈಸೆನ್ಸನ್ನೂ ಒಮ್ಮೆ ತಿರುಗಿಸಿ ನೋಡಿ. ಸ್ಕೂಟರಿಗೆ ಅಂತ ಮಾಡಿಸಿದ್ದರೆ ಗೇರ್ ಇಲ್ಲದ ಗಾಡಿಗೆ ಮಾತ್ರ ಇರಬಹುದು. ಬೈಕಿಗೆ 'ಎಂಸಿಡಬ್ಲ್ಯೂಜಿ' (MCWG, ಅಂದರೆ ಗೇರ್ ಇರುವ ಬೈಕು) ಅಂತ ಇರಬೇಕು. ಇಲ್ಲದಿದ್ದರೆ ಅಪಘಾತವಾದಾಗ ಪೊಲೀಸ್ ಕೇಸು, ವಿಮೆಯ ತಕರಾರು ಎರಡೂ ತಲೆ ಮೇಲೆ ಬರುತ್ತವೆ.

ನೆಲಮಂಗಲ ದಾಟಿ ಹೆದ್ದಾರಿ ಸಿಕ್ಕ ಮೇಲೆ ಒಬ್ಬರ ಹಿಂದೊಬ್ಬರು ನೇರಕ್ಕೆ ಬೇಡ, ಒಬ್ಬರು ಲೇನಿನ ಬಲಕ್ಕೆ, ಹಿಂದಿನವರು ಎಡಕ್ಕೆ, ಹೀಗೆ ಓರೆಯಾಗಿ ಹೋಗಿ. ನಿಮ್ಮ ನೇರಕ್ಕೆ ಮುಂದಿರುವ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅಲ್ಲಿಗೆ ತಲುಪಲು ಕನಿಷ್ಠ ಎರಡು ಸೆಕೆಂಡ್ ಬೇಕು. "ನೂರಾ ಒಂದು, ನೂರಾ ಎರಡು" ಅಂತ ಮನಸ್ಸಲ್ಲೇ ಎಣಿಸಿಕೊಳ್ಳಿ. 60ರಲ್ಲಿ ಅದು ಸುಮಾರು 33 ಮೀಟರ್. ಮಳೆ ಬಂದರೆ ಎರಡು ಸಾಲದು, ನಾಲ್ಕು ಎಣಿಸಿ. ತಿರುವು, ಕಿರಿದಾದ ರಸ್ತೆ, ಜಲ್ಲಿ ಬಿದ್ದ ಕಡೆ ಓರೆ ಸಾಲು ಬಿಟ್ಟು ಒಂದೇ ಸಾಲಾಗಿ, ಇನ್ನಷ್ಟು ದೂರ ದೂರ. ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ಹೋಗುವುದಂತೂ ಬೇಡವೇ ಬೇಡ.

ಒಟ್ಟು 240 ಕಿ.ಮೀ. ಆಸುಪಾಸು ಆಗುತ್ತದೆ. ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಇಷ್ಟೂ ಕಡೆ ನಿಲ್ಲಿ. ನಿಮಗೆ ಜಾಸ್ತಿ ಅನ್ನಿಸಬಹುದು, ಆದರೆ ಹೊಸಬನ ಮಣಿಕಟ್ಟು, ಸೊಂಟ ನಿಮ್ಮದರ ಹಾಗೆ ಪಳಗಿಲ್ಲ, ಮತ್ತೆ ಸುಸ್ತಾಗಿದೆ ಅಂತ ಅವನಾಗಿ ಬಾಯಿಬಿಡುವುದಿಲ್ಲ. ಹೆಲ್ಮೆಟ್ ತೆಗೆದಾಗ ಮುಖ ನೋಡಿ.

ಅವತ್ತೇ ಸಂಜೆ ಮುಳ್ಳಯ್ಯನಗಿರಿ ಹತ್ತುವ ಆಸೆ ಬೇಡ. ರಸ್ತೆ ಕಿರಿದು, ಕಡಿದಾದ ಏರು, ಎದುರಿಗೆ ಜೀಪು, ಮಂಜು ಬೇರೆ. ಮಾರನೇ ದಿನ ಬೆಳಿಗ್ಗೆ ಬೇಗ ಹೋಗಿ, ಅವನು ನಿಮ್ಮ ಹಿಂದೆ ಕೂತು ಬರಲಿ. ಓಡಿಸಲೇಬೇಕು ಅಂದರೆ ಹತ್ತಿದ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಮಾಡಿ ಜಾರಿಸಬಾರದು, ಏರು ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಬೇಕು.

ಪ್ರಶ್ನೆ: ನಾನೇ ಆ ಹೊಸಬಳು! ಗೆಳತಿಯರ ಜೊತೆ ಸಕಲೇಶಪುರದ ಕಡೆ ಹೋದಾಗ ಎಲ್ಲರೂ ಮುಂದೆ ಹೋಗಿಬಿಡುತ್ತಾರೆ, ಹಿಂದೆ ಬಿದ್ದರೆ ನಾಚಿಕೆ ಆಗುತ್ತದೆ. ತಿರುವಿನಲ್ಲಿ ಕಾರಿನವರು ಹಾರ್ನ್ ಹೊಡೆದರೆ ಕೈಕಾಲೇ ಆಡಲ್ಲ. (ಹಾಸನದ ಓದುಗರು)

ಉತ್ತರ: ಹೊರಡುವ ಮೊದಲೇ ಗೆಳತಿಯರಿಗೆ ಹೇಳಿಬಿಡಿ, "ನಾನು 50ಕ್ಕಿಂತ ಜಾಸ್ತಿ ಓಡಿಸಲ್ಲ, ಮುಂದೆ ಎಲ್ಲಿ ನಿಲ್ತೀರಿ ಹೇಳಿ" ಅಂತ. ನಿಲ್ಲುವ ಜಾಗ, ದಾರಿ ನಿಮಗೇ ಗೊತ್ತಿದ್ದರೆ ಅವರು ಕಣ್ಣಿಗೆ ಬೀಳದಿದ್ದರೂ ಅಟ್ಟಿಸಿಕೊಂಡು ಹೋಗುವ ಗಡಿಬಿಡಿ ಇರುವುದಿಲ್ಲ. ಇಷ್ಟು ಹೇಳಿದ ಮೇಲೂ ಬೇಸರ ಮಾಡಿಕೊಳ್ಳುವವರ ಜೊತೆ ಹೋಗಬೇಡಿ, ಇದನ್ನು ನಾನು ತುಂಬಾ ಗಂಭೀರವಾಗಿ ಹೇಳುತ್ತಿದ್ದೇನೆ.

ಓವರ್‌ಟೇಕ್ ಮಾಡುವಾಗ ಮುಂದಿನವರು "ಬಾ ಬಾ" ಅಂತ ಕೈ ಬೀಸಿದರೂ ನಂಬಬೇಡಿ. ಅವರು ದಾಟಿದಾಗ ಖಾಲಿ ಇದ್ದ ರಸ್ತೆ ನೀವು ಬರುವಷ್ಟರಲ್ಲಿ ಖಾಲಿ ಇರುತ್ತದೆ ಅಂತೇನಿಲ್ಲ. ನಿಮ್ಮ ಕಣ್ಣಿಗೆ ಕಂಡರೆ ಮಾತ್ರ ಹೋಗಿ.

ತಿರುವಿಗೆ ಮೊದಲೇ, ಗಾಡಿ ನೇರ ಇರುವಾಗಲೇ ವೇಗ ಇಳಿಸಿ. ಆಮೇಲೆ ತಿರುವು ಮುಗಿಯುವ ಕಡೆ ನೋಡಿ, ಬರೀ ಕಣ್ಣಲ್ಲ, ಗಲ್ಲವನ್ನೇ ಆ ಕಡೆ ತಿರುಗಿಸಿ. ಗುಂಡಿ ನೋಡುತ್ತಾ ಕೂತರೆ ಗಾಡಿ ಗುಂಡಿಗೇ ಹೋಗುತ್ತದೆ. ಬಲ ತಿರುವಿನಲ್ಲಿ ಮಧ್ಯದ ಗೆರೆಗೆ ಅಂಟಿಕೊಳ್ಳಬೇಡಿ. ಗಾಡಿ ವಾಲಿದಾಗ ಚಕ್ರ ನಿಮ್ಮ ಕಡೆಯೇ ಇರುತ್ತದೆ, ತಲೆ ಮಾತ್ರ ಎದುರಿನ ಬಸ್ಸಿನ ದಾರಿಯಲ್ಲಿರುತ್ತದೆ.

ಹಾರ್ನ್ ಹೊಡೆಯುವ ಕಾರಿಗೆ ತಿರುವಿನಲ್ಲಿ ಜಾಗ ಕೊಡಬೇಕಿಲ್ಲ. ಹೊಡೆಯಲಿ ಬಿಡಿ. ತಿರುವು ಮುಗಿದು ನೇರ ರಸ್ತೆ ಸಿಕ್ಕ ಮೇಲೆ ಎಡಗಡೆ ಇಂಡಿಕೇಟರ್ ಹಾಕಿ, ಡಾಂಬರು ಬಿಟ್ಟು ಮಣ್ಣಿಗೆ ಇಳಿಯದೆ, ಎಡಕ್ಕೆ ಸರಿದು ಅವರನ್ನು ಮುಂದೆ ಕಳಿಸಿ.