ಪಟಾಕಿ ಸದ್ದಿಗೆ ಒಳಗಿವಿ ಹಾಳಾದರೆ, ಉಳಿದದ್ದನ್ನಾದರೂ ಕಾಪಾಡಿಕೊಳ್ಳಬಹುದಾ?

ಕಾಪಾಡಿಕೊಳ್ಳಬಹುದು. ಆದರೆ ತಮ್ಮನ ಎಡಕಿವಿ ಕೇಳಿಸದೆ ನಾಲ್ಕು ದಿನ ಆಯ್ತು, ತಾನಾಗಿ ಸರಿಯಾಗುತ್ತದಾ ಅಂತ ಕಾಯುತ್ತಿದ್ದೇವೆ ಎಂದು ಬರೆದಿದ್ದೀರಿ. ದಯವಿಟ್ಟು ಕಾಯಬೇಡಿ. ನಾಳೆ ಬೆಳಿಗ್ಗೆಯೇ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಆರು ವರ್ಷದ ಹಿಂದೆ ಊರಿನ ಉತ್ಸವದಲ್ಲಿ, ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಸಿಡಿಸುವ ಕದಿನದ ಪಕ್ಕದಲ್ಲೇ ನಿಂತಿದ್ದೆ. ಬಲಕಿವಿ ಕಟ್ಟಿದ ಹಾಗಾಯ್ತು, ಒಳಗೆ ಜೀರುಂಡೆ ಸದ್ದು. ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟರು. ಹಾಗೇ ಒಂಬತ್ತು ದಿನ ಸುಮ್ನೆ ಹೋಯಿತು. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದೆ. ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ತೋರಿಸುವ ಆಡಿಯೋಗ್ರಾಮ್ ಕಾಗದದಲ್ಲಿ ಬಲಕಿವಿಯ ಕೆಂಪು ಸೊನ್ನೆಗಳು 1000 ಹರ್ಟ್ಸ್‌ವರೆಗೆ ಸಾಲಾಗಿದ್ದವು, ಅಲ್ಲಿಂದ ಬಾವಿಗೆ ಇಳಿದ ಹಾಗೆ ಕೆಳಗೆ. ದಪ್ಪ ಸದ್ದು ಕೇಳುತ್ತದೆ, ಸ, ಶ ಕೇಳುವುದಿಲ್ಲ. ಎಡಕಿವಿ ಮುಚ್ಚಿಕೊಂಡರೆ ಅಮ್ಮ "ಸಾರು ಹಾಕಲಾ" ಅಂದದ್ದು ನನಗೆ "ಆರು ಹಾಕಲಾ".

ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಭಾಗ ಇದೆ. ಅದರಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ಕೂದಲುಕೋಶಗಳು. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಪೆಟ್ಟು ತಿಂದರೂ ಜೀವ ಇರುವವು ಚೇತರಿಸಿಕೊಳ್ಳಬಹುದು. ಡಾಕ್ಟರು ಸ್ಟೆರಾಯ್ಡ್ ಮಾತ್ರೆ ಕೊಡುವುದು, ಕೆಲವೊಮ್ಮೆ ಕಿವಿತಮಟೆಯ ಮೂಲಕ ಇಂಜೆಕ್ಷನ್ ಹಾಕುವುದು ಅದಕ್ಕೇ. ಮೊದಲ ಎರಡು ವಾರದೊಳಗೆ ಶುರುವಾದರೆ ಒಳ್ಳೆಯದು. ಖಾತ್ರಿ ಅಂತೂ ಇಲ್ಲ. ತಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಸ್ಟೆರಾಯ್ಡ್‌ನಿಂದ ಅದು ಏರುತ್ತದೆ. ನನಗೆ ಸ್ವಲ್ಪ ವಾಪಸ್ ಬಂತು, ಉಳಿದದ್ದಕ್ಕೆ ಹಿಯರಿಂಗ್ ಏಡ್. ಅದೂ ಸಾಲದಷ್ಟು ಹೋದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ತಂತಿ ಇಡುವ ಯಂತ್ರ. ಈಗ ತೆಳು ತಂತಿ ಬಳಸಿ, ದಪ್ಪ ಸದ್ದು ಕೇಳುವ ಉಳಿದ ಶಕ್ತಿಯನ್ನು ಕಾಪಾಡಲೂ ನೋಡುತ್ತಾರೆ. ಆದರೆ ಅದು ಆಮೇಲಿನ ಮಾತು.

ಇನ್ನು ಮುಂದೆ ಎರಡೂ ಕಿವಿಯನ್ನು ಜೋಪಾನ ಮಾಡಬೇಕು. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅನ್ನುವ ಲೆಕ್ಕ ಇದೆ, ಮೂರು ಡೆಸಿಬಲ್ ಏರಿದರೆ ಆ ಹೊತ್ತು ಅರ್ಧ. ಚೆಂಡೆಯ ಮುಂದೆ ರಾತ್ರಿಯಿಡೀ ಕೂರುವ ನಮ್ಮೂರಲ್ಲಿ ಇದನ್ನು ಹೇಳುವುದು ಕಷ್ಟ, ಅಲ್ವಾ? ಆದರೂ ನಾನು ಈಗ ಹಿಂದೆ ಕೂರುತ್ತೇನೆ, ಇಯರ್‌ಪ್ಲಗ್ ಹಾಕಿಕೊಂಡು. ಹತ್ತಿ ಸಾಲದು. ಬೇರೆ ಕಾಯಿಲೆಗೆ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯೋಟಿಕ್ ಕೊಡುವುದಾದರೆ ಕಿವಿಯ ವಿಷಯ ತಿಳಿಸಿ, ಅವು ಒಳಗಿವಿಗೆ ಪೆಟ್ಟು ಕೊಡಬಲ್ಲವು.

ನಾಳೆ ಆಡಿಯೋಗ್ರಾಮ್‌ನ ಪ್ರತಿ ಮರೆಯದೆ ಕೇಳಿ ತನ್ನಿ. ಮುಂದಿನ ಪರೀಕ್ಷೆಗೆ ಹೋಲಿಸಿ ನೋಡಲು ಅದೇ ಬೇಕು. ಮತ್ತೆ, ಎಣ್ಣೆ ಬಿಡಬೇಡಿ.