50 ಸಾವಿರದೊಳಗೆ ಮದುವೆ ಫೋಟೋ ಎಡಿಟಿಂಗ್‌ಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕಾ?

ಇರಲೇಬೇಕು ಅಂತೇನಿಲ್ಲ. ಕಡೂರಿನ ಹತ್ತಿರದ ಹಳ್ಳಿ, 24 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದಿದೆ, ಈಗಷ್ಟೇ ಮದುವೆ ಆರ್ಡರ್ ಬರ್ತಿವೆ, ಆಲ್ಬಂ ನಾನೇ ಮಾಡಬೇಕು ಅಂತ ಬರೆದಿದ್ದೀರಿ. 2018ರಲ್ಲಿ ತಿಪಟೂರಿನಲ್ಲಿ ನನ್ನ ಪರಿಸ್ಥಿತಿಯೂ ಇದೇ, ಪ್ರಶ್ನೆಯೂ ಇದೇ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ, ಪೂರ್ತಿ ಓದಿ.

ಆಗ ಯಾರನ್ನು ಕೇಳಿದರೂ ಒಂದೇ ಉತ್ತರ: ಗೇಮಿಂಗ್ ಲ್ಯಾಪ್‌ಟಾಪ್ ತಗೋ, ಗೇಮ್ ಓಡಿಸೋ ಮೆಷಿನ್‌ಗೆ ಫೋಟೋಶಾಪ್ ಯಾವ ಲೆಕ್ಕ! ಚೀಟಿ ಎತ್ತಿದ ದುಡ್ಡಿಗೆ ಅಪ್ಪನ ಹತ್ತಿರ ಇನ್ನಷ್ಟು ಇಸ್ಕೊಂಡು, ಅರವತ್ತು ಸಾವಿರದ ಹತ್ತಿರ ಕೊಟ್ಟು ತಂದೆ. ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಜಿಟಿಎಕ್ಸ್ 1050 ಕಾರ್ಡ್. ಸ್ಕ್ರೀನ್ ಬಗ್ಗೆ ಅಂಗಡಿಯ ಚೀಟಿಯಲ್ಲಿ ಇದ್ದದ್ದು '15.6 ಇಂಚು, ಫುಲ್ ಎಚ್‌ಡಿ' ಅಷ್ಟೇ. ಫುಲ್ ಎಚ್‌ಡಿ ಅಂದರೆ ಒಳ್ಳೆ ಸ್ಕ್ರೀನ್ ಅಂತಲೇ ನಾನು ತಿಳಿದಿದ್ದೆ. ಅದು ಬರೀ ಚುಕ್ಕೆಗಳ ಲೆಕ್ಕ, ಅಡ್ಡಕ್ಕೆ 1920, ಉದ್ದಕ್ಕೆ 1080. ಆ ಚುಕ್ಕೆಗಳು ಎಷ್ಟು ಬಣ್ಣ ತೋರಿಸುತ್ತವೆ ಅನ್ನೋದು ಬೇರೆಯೇ ವಿಷಯ, ಅದನ್ನು ನಾನೂ ಕೇಳಲಿಲ್ಲ, ಅಂಗಡಿಯವರೂ ಹೇಳಲಿಲ್ಲ.

ಆ ಲ್ಯಾಪ್‌ಟಾಪಿನಲ್ಲಿ ಮಾಡಿದ ಮೊದಲ ದೊಡ್ಡ ಮದುವೆ ವೈಶಾಖದ್ದು. ಬೆಳಿಗ್ಗೆ ಅರಿಶಿನ ಶಾಸ್ತ್ರ, ಆಮೇಲೆ ಧಾರೆ. ಹುಡುಗಿ ಉಟ್ಟಿದ್ದು ಅಚ್ಚ ಕೆಂಪು ರೇಷ್ಮೆ, ಅಂಗೈಯಗಲ ಜರಿ ಅಂಚು. ರಾತ್ರಿ ಫೈಲ್ ಹಾಕಿ ನೋಡಿದರೆ ಎಲ್ಲವೂ ಸಪ್ಪೆ. ಅರಿಶಿನದ ಹಳದಿಯಲ್ಲಿ ಜೀವವಿಲ್ಲ, ಸೀರೆಯ ಕೆಂಪು ಇಟ್ಟಿಗೆ ಬಣ್ಣಕ್ಕಿಳಿದಿದೆ, ಮುಖ ಬೂದಿ ಬೂದಿ. ಛತ್ರದ ಲೈಟಿನ ದೋಷ ಅಂದುಕೊಂಡೆ. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ ಬಣ್ಣ ಹೆಚ್ಚಿಸುವ ವೈಬ್ರನ್ಸ್ ಏರಿಸಿದೆ, ಸ್ಯಾಚುರೇಷನ್ ಏರಿಸಿದೆ, ಕೆಂಪು ಮತ್ತು ಕಿತ್ತಳೆಯನ್ನು ಪ್ರತ್ಯೇಕವಾಗಿ ಇನ್ನಷ್ಟು ಎಳೆದೆ. ನನ್ನ ಕಣ್ಣಿಗೆ ಸರಿ ಕಾಣುವವರೆಗೂ ಎಳೆದು, ಅದನ್ನೇ ಪ್ರೀಸೆಟ್ ಮಾಡಿ ಇಡೀ ಮದುವೆಗೆ ಹಚ್ಚಿಬಿಟ್ಟೆ. 12x36 ಇಂಚಿನ ಆಲ್ಬಂ ಶೀಟುಗಳಿಗೆ ಜೋಡಿಸಿ ಲ್ಯಾಬಿಗೆ ಕಳಿಸಿದೆ. ಒಂದೇ ಒಂದು ಸ್ಯಾಂಪಲ್ ಪ್ರಿಂಟ್ ಹಾಕಿಸಲಿಲ್ಲ.

ಆಲ್ಬಂ ಕೊಡಲು ಹೋದ ದಿನ ಹುಡುಗಿಯ ತಾಯಿ ಎರಡು ಶೀಟ್ ಮಗುಚಿ, ಮೂರನೆಯದರ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ಏನಪ್ಪಾ ಇದು, ನಮ್ಮ ಮಗು ಮುಖಕ್ಕೆ ಕಾವಿ ಬಳಿದ ಹಾಗಿದೆಯಲ್ಲ?" ಅವರು ಜೋರು ಮಾಡಲಿಲ್ಲ, ಕೇಳಿದರು ಅಷ್ಟೇ. ನೋಡಿದರೆ ನಿಜ. ಕೆನ್ನೆ, ಹಣೆ, ಕೈ ಎಲ್ಲಾ ಕಿತ್ತಳೆ. ಸೀರೆಯಂತೂ ಒಂದೇ ಕೆಂಪು ಮುದ್ದೆ, ನೆರಿಗೆ ಎಲ್ಲಿ ಮಡಿಸಿದೆ ಅನ್ನೋದೇ ಗೊತ್ತಾಗದು.

ಲ್ಯಾಬಿನವರ ತಪ್ಪು ಅಂತಲೇ ನಂಬಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಜಗಳಕ್ಕೆ ಹೋದೆ. ಅಲ್ಲಿನ ಆಪರೇಟರ್ ಮಾತಾಡಲಿಲ್ಲ, ನಾನು ಕಳಿಸಿದ ಫೈಲನ್ನೇ ತಮ್ಮ ಮಾನಿಟರಿನಲ್ಲಿ ತೆರೆದರು. ಅಲ್ಲೂ ಕಿತ್ತಳೆ. ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್ ಇಟ್ಟು ಅದೇ ಫೈಲ್ ತೆರೆದೆವು, ಇಲ್ಲಿ ಸಹಜ ಚರ್ಮದ ಬಣ್ಣ. ಆಮೇಲೆ ಅವರು ನನ್ನ ಸ್ಕ್ರೀನನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಂದಕ್ಕೆ ಬಾಗಿಸಿದರು. ಹುಡುಗಿಯ ಮುಖ ಕಪ್ಪಾಯಿತು. ಮುಂದಕ್ಕೆ ತಂದರು, ಬಿಳಿಚಿಕೊಂಡಿತು. "ಇದರಲ್ಲಿ ಯಾವುದು ನಿಜವಾದ ಮುಖ ಅಂತ ನೀವೇ ಹೇಳಿ ಸಾರ್" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಏನಾಗಿತ್ತು ಅಂತ ಬಿಡಿಸಿ ಹೇಳ್ತೀನಿ, ನಿಮಗೆ ಬೇಸರವಾದರೂ ಸರಿ, ಇದೊಂದು ಅರ್ಥವಾದರೆ ಬಾಕಿಯದೆಲ್ಲ ಸುಲಭ. ಫೋಟೋ ಫೈಲಿನಲ್ಲಿ ಇರುವುದು ಅಂಕಿಗಳು ಮಾತ್ರ. ಇಂಥ ಅಂಕಿಗೆ ಇಂಥ ಕೆಂಪು ಅಂತ ಎಲ್ಲರೂ ಒಪ್ಪಿಕೊಂಡ ಅಳತೆಯ ಹೆಸರು ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು, 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ನಮ್ಮ ಕಡೆಯ ಆಲ್ಬಂ ಲ್ಯಾಬುಗಳು ಸಾಮಾನ್ಯವಾಗಿ ಕೇಳುವುದೂ ಎಸ್‌ಆರ್‌ಜಿಬಿ ಜೆಪೆಗ್ ಫೈಲನ್ನೇ. ಆದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಹಾಕುವ ಸ್ಕ್ರೀನಿಗೆ ಆ ಅಳತೆಯಷ್ಟು ಗಾಢವಾದ ಕೆಂಪನ್ನು ತೋರಿಸುವ ಶಕ್ತಿಯೇ ಇರುವುದಿಲ್ಲ. ಸ್ಪೆಸಿಫಿಕೇಷನ್ನಿನ ಮೂಲೆಯಲ್ಲಿ '45% ಎನ್‌ಟಿಎಸ್‌ಸಿ' ಅಂತ ಇರುತ್ತೆ ನೋಡಿ, ಅದು ಈ ಜಾತಿ. ಎನ್‌ಟಿಎಸ್‌ಸಿ ಅನ್ನೋದು 1953ರ ಅಮೆರಿಕದ ಕಲರ್ ಟಿವಿಯ ಅಳತೆ, ಸ್ಕ್ರೀನ್ ಮಾಡುವವರು ಇಂದಿಗೂ ಅದರಲ್ಲೇ ಲೆಕ್ಕ ಕೊಡ್ತಾರೆ. 72% ಎನ್‌ಟಿಎಸ್‌ಸಿ ಅಂದರೆ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿ. 45% ಅಂದರೆ ಅದರಲ್ಲಿ ನೂರಕ್ಕೆ ಸುಮಾರು 60-65 ಭಾಗ ಮಾತ್ರ.

ಅಂದರೆ ಫೈಲಿನಲ್ಲಿ ಕೆಂಪು ಸರಿಯಾಗೇ ಇತ್ತು. ಸ್ಕ್ರೀನ್ ಅದನ್ನು ಸಪ್ಪೆ ಮಾಡಿ ತೋರಿಸಿತು. ಸ್ಕ್ರೀನಿನ ಕೊರತೆಯನ್ನು ನಾನು ಫೈಲಿನ ಕೊರತೆ ಅಂತ ತಿಳಿದು, ಸರಿಯಾಗಿದ್ದ ಫೈಲಿಗೆ ಇನ್ನಷ್ಟು ಬಣ್ಣ ತುಂಬಿದೆ. ಪ್ರಿಂಟ್ ಮಾಡುವ ಮೆಷಿನ್‌ಗೆ ನನ್ನ ಸ್ಕ್ರೀನ್ ಹೇಗೆ ಗೊತ್ತಾಗಬೇಕು? ಫೈಲಿನಲ್ಲಿದ್ದ ಅಂಕಿಯಂತೆ ಅಚ್ಚು ಹಾಕಿತು. ಕಾಗದಕ್ಕೂ ಒಂದು ಮಿತಿ ಇದೆ. ಆ ಮಿತಿ ದಾಟಿದ ಕೆಂಪುಗಳೆಲ್ಲ ಕಾಗದದ ಮೇಲೆ ಒಂದೇ ಕೆಂಪಾಗುತ್ತವೆ, ಹಾಗಾಗಿಯೇ ಸೀರೆಯ ನೆರಿಗೆ ಮಾಯವಾಗಿದ್ದು. ಇದರ ಜೊತೆಗೆ ನನ್ನದು ಟಿಎನ್ ಅನ್ನುವ ಅಗ್ಗದ ಬಗೆಯ ಪ್ಯಾನೆಲ್. ಕೂತ ಎತ್ತರ ಸ್ವಲ್ಪ ಬದಲಾದರೂ, ಕುರ್ಚಿಗೆ ದಿಂಬು ಹಾಕಿಕೊಂಡರೂ, ಮುಖದ ಬೆಳಕು ಬದಲಾಗುತ್ತಿತ್ತು. ಬೆಳಿಗ್ಗೆ ಎಡಿಟ್ ಮಾಡಿದ್ದು ರಾತ್ರಿ ಬೇರೆ ಥರ ಕಾಣುತ್ತಿದ್ದುದು ಅದಕ್ಕೇ.

ನನ್ನ ಖರ್ಚಿನಲ್ಲಿ ಇಡೀ ಆಲ್ಬಂ ಮತ್ತೆ ಹಾಕಿಸಿಕೊಟ್ಟೆ. ಆ ಮದುವೆಯಲ್ಲಿ ದುಡಿದದ್ದೆಲ್ಲ ಅದಕ್ಕೇ ಹೋಯಿತು. ಆ ಮನೆಯ ಎರಡನೇ ಮಗಳ ಮದುವೆಗೆ ಅವರು ಬೇರೆಯವರನ್ನು ಕರೆದರು. ದುಡ್ಡಿಗಿಂತ ಅದು ಹೆಚ್ಚು ನೋವು ಕೊಟ್ಟಿತು, ನಮ್ಮ ಕೆಲಸ ನಡೆಯುವುದೇ ಒಂದು ಮನೆಯವರು ಇನ್ನೊಂದು ಮನೆಗೆ ಹೇಳುವ ಮಾತಿನ ಮೇಲೆ.

ಈ ಸಂಕಟದಲ್ಲೆಲ್ಲ ಆ 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಏನು ಮಾಡುತ್ತಿತ್ತು ಅಂದರೆ, ಹೆಚ್ಚಾಗಿ ಸುಮ್ಮನೆ ಕೂತಿತ್ತು. ಲೈಟ್‌ರೂಮ್ ಕ್ಲಾಸಿಕ್ ಫೋಟೋ ಎಕ್ಸ್‌ಪೋರ್ಟ್ ಮಾಡಲು ಗ್ರಾಫಿಕ್ಸ್ ಕಾರ್ಡ್ ಬಳಸಲು ಶುರುಮಾಡಿದ್ದೇ 2022ರಲ್ಲಿ. ಈಗ ಕಾರ್ಡಿನಿಂದ ನಿಜಕ್ಕೂ ದೊಡ್ಡ ಅನುಕೂಲ ಅಂದರೆ 2023ರ ಏಪ್ರಿಲ್‌ನಲ್ಲಿ ಬಂದ ಎಐ ಡಿನಾಯ್ಸ್. ರಾತ್ರಿ ರಿಸೆಪ್ಷನ್ನಿನಲ್ಲಿ ಐಎಸ್‌ಒ 6400ಕ್ಕೆ ಹೊಡೆದ ಫೋಟೋದಲ್ಲಿ ಮೂಡುವ ಕಾಳಿನಂಥ ಚುಕ್ಕೆ ತೆಗೆಯಲು ಅದು ಅದ್ಭುತ, ಕಾರ್ಡ್ ಇಲ್ಲದ ಮೆಷಿನ್ ಒಂದೊಂದು ಫೋಟೋಗೂ ನಿಮಿಷಗಟ್ಟಲೆ ಹಿಡಿಯುತ್ತೆ. ಹಿಡಿಯಲಿ ಬಿಡಿ. ಆಲ್ಬಂಗೆ ಆರಿಸಿದ ಕತ್ತಲೆ ಫೋಟೋಗಳಿಗೆ ಮಾತ್ರ ಹಾಕಿ ಮಲಗಿ, ಬೆಳಿಗ್ಗೆ ಆಗಿರುತ್ತೆ. ಅದಕ್ಕೋಸ್ಕರ ಸ್ಕ್ರೀನಿನ ದುಡ್ಡನ್ನು ಕಾರ್ಡಿಗೆ ಸುರಿಯಬೇಡಿ.

ಇನ್ನು ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. 50 ಸಾವಿರವನ್ನು ಒಂದೇ ಲ್ಯಾಪ್‌ಟಾಪಿಗೆ ಯಾಕೆ ಹಾಕಬೇಕು? ಛತ್ರದಲ್ಲಿ ಕೂತು ಎಡಿಟ್ ಮಾಡ್ತೀರಾ? ಛತ್ರದಲ್ಲಿ ಮಾಡುವುದು ಕ್ಯಾಮೆರಾದ ಮೆಮೊರಿ ಕಾರ್ಡ್ ಕಾಪಿ ಮಾತ್ರ, ಎಡಿಟಿಂಗ್ ನಡೆಯುವುದು ಮನೆಯ ಮೇಜಿನ ಮೇಲೆ. ಮೇಜಿನ ಮೇಲೆ ಒಂದು 24 ಇಂಚಿನ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆಯ) ಮಾನಿಟರ್ ಇಡಿ, 99% ಎಸ್‌ಆರ್‌ಜಿಬಿ ಅಂತ ಬರೆದಿರುವುದು. ಹತ್ತು ಸಾವಿರದ ಆಸುಪಾಸಿಗೆ ಸಿಗುತ್ತೆ. ಉಳಿದ ದುಡ್ಡಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾದಾ ಲ್ಯಾಪ್‌ಟಾಪ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪುಗಳು ಸಿಗುತ್ತವಲ್ಲ, ಅದೂ ನಡೆಯುತ್ತೆ. ಅವುಗಳಲ್ಲೂ ಎಷ್ಟೋ ಮೆಷಿನ್‌ಗಳ ಸ್ಕ್ರೀನ್ ಇದೇ 45% ಜಾತಿಯದು, ಆದರೆ ಬಣ್ಣ ನೋಡುವುದು ಮಾನಿಟರಿನಲ್ಲಿ ಆದ್ದರಿಂದ ತೊಂದರೆ ಇಲ್ಲ. ಡೆಸ್ಕ್‌ಟಾಪ್ ಇನ್ನೂ ಅಗ್ಗವಲ್ವಾ ಅಂತ ಯಾರಾದರೂ ಹೇಳ್ತಾರೆ. ಹೌದು, ಪೇಟೆಯಲ್ಲಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, 24 ಇಂಚಿನ ಮಾನಿಟರ್ ಎಳೆಯುವುದು ಇಪ್ಪತ್ತು ವಾಟಿನ ಆಸುಪಾಸು, ಮನೆಯ ಇನ್ವರ್ಟರ್ ಆರಾಮಾಗಿ ತಡೆಯುತ್ತೆ.

ರ‍್ಯಾಮ್ 16 ಜಿಬಿ ಇರಲೇಬೇಕು, ಇದರಲ್ಲಿ ರಾಜಿ ಬೇಡ. 12x36 ಇಂಚಿನ ಶೀಟ್ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ 3600 ಗುಣಿಸು 10800 ಚುಕ್ಕೆ, ಒಟ್ಟು 3 ಕೋಟಿ 88 ಲಕ್ಷ. 8 ಬಿಟ್‌ನಲ್ಲೇ ಒಂದು ಪೂರ್ತಿ ಲೇಯರಿಗೆ ಸುಮಾರು 117 ಎಂಬಿ ಬೇಕು. ಫೋಟೋಶಾಪಿನ ಪಿಎಸ್‌ಡಿ ಟೆಂಪ್ಲೇಟಿನಲ್ಲಿ ಹಿನ್ನೆಲೆ, ನೆರಳು, ಆರೇಳು ಫೋಟೋ ಸೇರಿದರೆ ನೀವೇ ಲೆಕ್ಕ ಹಾಕಿ. ರ‍್ಯಾಮ್ ತುಂಬಿದ ಮೇಲೆ ಫೋಟೋಶಾಪ್ ಡಿಸ್ಕಿಗೆ ಬರೆಯಲು ಶುರುಮಾಡುತ್ತೆ, ಡಿಸ್ಕ್ ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಮೌಸ್ ಕೂಡ ಅಲುಗಾಡಲ್ಲ. ಅದಕ್ಕೆ ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಎಸ್‌ಎಸ್‌ಡಿ ಬೇಕು, 512 ಜಿಬಿ. ಕೊಳ್ಳುವಾಗ 8 ಜಿಬಿಯೇ ಇದ್ದರೆ, ಇನ್ನೊಂದು ರ‍್ಯಾಮ್ ಹಾಕಲು ಸ್ಲಾಟ್ ಖಾಲಿ ಇದೆಯಾ ಕೇಳಿ. ತೆಳ್ಳಗಿನ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಏನೂ ಮಾಡಕ್ಕಾಗಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಆಪಲ್‌ನ ಎಂ1 ಮ್ಯಾಕ್‌ಬುಕ್ ಏರ್ ತಗೊಳ್ಳಿ ಅನ್ನುವವರೂ ಸಿಗ್ತಾರೆ. 2020ರ ಮೆಷಿನ್ ಆದರೂ ಅದರ ಸ್ಕ್ರೀನ್ ಈ ಬೆಲೆಯಲ್ಲಿ ಬೇರೆಲ್ಲೂ ಸಿಗದಷ್ಟು ಒಳ್ಳೆಯದು. 16 ಜಿಬಿಯದು ನಿಮ್ಮ ಬಜೆಟ್ಟಿಗೆ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. 8 ಜಿಬಿಯದಾದರೆ ಬೇಡ, ಆಲ್ಬಂ ಶೀಟುಗಳಿಗೆ ಸಾಲಲ್ಲ, ಹೆಚ್ಚಿಸಲೂ ಬರಲ್ಲ. ಬಣ್ಣವನ್ನು ಎಸ್‌ಆರ್‌ಜಿಬಿಗಿಂತಲೂ ಗಾಢವಾಗಿ ತೋರಿಸಬಲ್ಲ ಓಎಲ್‌ಇಡಿ ಸ್ಕ್ರೀನಿನ ಲ್ಯಾಪ್‌ಟಾಪುಗಳೂ ಇವೆ, ಅವೂ ಚೆನ್ನ, ಆದರೆ ಅವುಗಳದ್ದು ನನ್ನ ಕಥೆಗೆ ತದ್ವಿರುದ್ಧದ ಅಪಾಯ. ಸ್ಕ್ರೀನಿಗೆ ತಕ್ಕಂತೆ ಬಣ್ಣ ಹೊಂದಿಸದ ಸಾಫ್ಟ್‌ವೇರಿನಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತೆ, ನೀವು ಬಣ್ಣ ಇಳಿಸುತ್ತೀರಿ, ಪ್ರಿಂಟ್ ಸಪ್ಪೆಯಾಗಿ ಬರುತ್ತೆ. ಕೆಲಸ ಮಾಡುವಾಗ ಎಸ್‌ಆರ್‌ಜಿಬಿ ಮೋಡಿಗೆ ಹಾಕಿಕೊಳ್ಳಿ.

ಬಣ್ಣ ಸರಿಪಡಿಸುವ ಕ್ಯಾಲಿಬ್ರೇಟರ್ ಇದೆಯಲ್ಲ, ಅದನ್ನು ಹಾಕಿದರೆ ಹಳೇ ಸ್ಕ್ರೀನೇ ಸಾಕಲ್ವಾ ಅಂತ ಕೇಳಬಹುದು. ಸಾಕಾಗಲ್ಲ. ಸ್ಪೈಡರ್ ಥರದ ಸಾಧನ ಇರುವ ಬಣ್ಣವನ್ನು ಸರಿಯಾದ ಜಾಗಕ್ಕೆ ತರುತ್ತೆ, ಇಲ್ಲದ ಬಣ್ಣವನ್ನು ಹುಟ್ಟಿಸಲ್ಲ. ಒಳ್ಳೆ ಮಾನಿಟರಿಗೆ ಮಾತ್ರ ಅದರಿಂದ ಪ್ರಯೋಜನ. ಒಬ್ಬರೇ ಕೊಳ್ಳಲು ದುಬಾರಿ. ನಿಮ್ಮ ತಾಲ್ಲೂಕು ಛಾಯಾಗ್ರಾಹಕರ ಸಂಘದಲ್ಲಿ ಮಾತಾಡಿ, ಎಲ್ಲರೂ ಸೇರಿ ಒಂದು ತಂದು ಸರದಿಯಲ್ಲಿ ಬಳಸಿ. ತಿಂಗಳಿಗೊಮ್ಮೆ ಹಾಕಿದರೆ ಧಾರಾಳವಾಯಿತು. ಅದಿಲ್ಲದಿದ್ದರೂ ಇಷ್ಟಂತೂ ಮಾಡಿ: ವಿಂಡೋಸ್‌ನ ನೈಟ್ ಲೈಟ್ ಆಫ್ ಇರಲಿ, ಚಿತ್ರಕ್ಕೆ ತಕ್ಕಂತೆ ಬೆಳಕು ತಾನೇ ಏರಿಳಿಸುವ ಇಂಟೆಲ್‌ನ ಪವರ್ ಸೇವಿಂಗ್ ಆಯ್ಕೆ ಆಫ್ ಇರಲಿ, ಮಾನಿಟರಿನ ಬ್ರೈಟ್‌ನೆಸ್ ಪೂರ್ತಿ ಏರಿಸಬೇಡಿ. ಕತ್ತಲೆ ಕೋಣೆಯಲ್ಲಿ ಫುಲ್ ಬ್ರೈಟ್‌ನೆಸ್ ಇಟ್ಟು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗೇ ಬರುತ್ತೆ.

ಪೂರ್ತಿ ಆಲ್ಬಂ ಕಳಿಸುವ ಮುಂಚೆ ಅರಿಶಿನದ್ದೊಂದು, ಧಾರೆಯದ್ದೊಂದು, ರಾತ್ರಿಯದ್ದೊಂದು ಫೋಟೋ ಆರಿಸಿ ಅದೇ ಲ್ಯಾಬಿನಲ್ಲಿ ಸಣ್ಣ ಪ್ರಿಂಟ್ ಹಾಕಿಸಿ. ಊಟದ ಖರ್ಚಿನಷ್ಟೂ ಆಗಲ್ಲ. ಆ ಪ್ರಿಂಟುಗಳನ್ನು ಎಸೆಯಬೇಡಿ, ಮಾನಿಟರ್ ಕೊಳ್ಳಲು ಹೋಗುವಾಗ ಅವನ್ನೂ, ಅವುಗಳ ಫೈಲ್ ಇರುವ ಪೆನ್‌ಡ್ರೈವ್ ಒಂದನ್ನೂ ಜೇಬಲ್ಲಿಟ್ಟುಕೊಂಡು ಹೋಗಿ. ಅಂಗಡಿಯ ಡೆಮೋ ವಿಡಿಯೋ ನಿಲ್ಲಿಸಲು ಹೇಳಿ, ನಿಮ್ಮ ಫೋಟೋ ಹಾಕಿಸಿ, ಪ್ರಿಂಟನ್ನು ಸ್ಕ್ರೀನಿನ ಪಕ್ಕ ಹಿಡಿದು ಮುಖದ ಬಣ್ಣವನ್ನೂ ಸೀರೆಯ ನೆರಿಗೆಯನ್ನೂ ನೋಡಿ, ಎಡಕ್ಕೂ ಬಲಕ್ಕೂ ಸರಿದು ಇನ್ನೊಮ್ಮೆ ನೋಡಿ. ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ, ಲ್ಯಾಪ್‌ಟಾಪ್ ಆದರಂತೂ ಇದು ಇನ್ನೂ ಮುಖ್ಯ, ಒಂದೇ ಹೆಸರಿನಲ್ಲಿ ಎರಡು ಮೂರು ಬಗೆಯ ಸ್ಕ್ರೀನ್ ಹಾಕಿ ಮಾರ್ತಾರೆ. ಬಿಲ್ಲಿನಲ್ಲಿರುವ ನಂಬರ್ ಅದೇನಾ ಅಂತ ನೋಡಿಯೇ ದುಡ್ಡು ಕೊಡಿ. ಪೆನ್‌ಡ್ರೈವ್ ಹಾಕಲು ಬಿಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.